ಅವ್ವನ ಪೆಟ್ಟಿಗೆಯ ಕಬ್ಬಿಣ

ಚಿಗಳ್ಳಿ,
೧೯ ನವೆಂಬರ್ ೧೯೪೧

ಚಿರಂಜೀವಿ ತಮ್ಮ ಕರಿಬಸಪ್ಪನಿಗೆ ನೀಲಕ್ಕ ಮಾಡುವ ಆಶೀರ್ವಾದ.

ನಿನ್ನ ಪತ್ರ ಬಂದು ಆರು ವಾರವಾದವು. ಭತ್ತದ ಕೊಯ್ಲು ಎಂದು ನೆಪ ಹೇಳಬಹುದಿತ್ತು. ಆದರೆ ಕೊಯ್ಲು ಮುಗಿದೇ ಹತ್ತು ದಿನವಾಯಿತು. ನಿನ್ನ ಮಗ ಎಡಗೈಯಲ್ಲೇ ಉಣ್ಣುತ್ತಾನೆ, ಎಡಗೈಯಲ್ಲೇ ಬಳಪ ಹಿಡಿಯುತ್ತಾನೆ ಎಂದು ಬರೆದಿದ್ದೀಯ. ಅಪ್ಪ ನನಗೆ ಕಟ್ಟಿದಂತೆ ಸಂಕ್ರಾಂತಿಯಿಂದ ಅವನ ಎಡಗೈಯನ್ನೂ ಸೊಂಟಕ್ಕೆ ಕಟ್ಟುತ್ತೇನೆ, ನನ್ನ ಕೈ ಬಲಕ್ಕೆ ತಿರುಗಲು ಎಷ್ಟು ತಿಂಗಳು ಹಿಡಿದಿತ್ತು, ಎಂದು ಕೇಳಿದ್ದೀಯ. ಉತ್ತರಕ್ಕೆ ಮೊದಲು ಒಂದು ಸಂಗತಿ ಹೇಳಬೇಕು.

ಅವ್ವ ತೀರಿಕೊಂಡು ಮೂರು ವರ್ಷವಾದರೂ ಅವಳ ಪೆಟ್ಟಿಗೆ ಮುಟ್ಟಿರಲಿಲ್ಲ. ದೀಪಾವಳಿಗೆ ಖಾಲಿ ಮಾಡಿದಾಗ ತಳದಲ್ಲಿ, ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿಟ್ಟ ಕಬ್ಬಿಣದ ಸಾಮಾನೊಂದು ಸಿಕ್ಕಿತು. ಗೇಣುದ್ದ. ತುದಿ ಬೆರಳು ಮಡಿಸಿದಂತೆ ಬಾಗಿದೆ; ಅಲಗು ಒಂದೇ ಬದಿಗೆ. ಸಾಗುವಾನಿಯ ಹಿಡಿ, ಅದರ ಮೇಲೆ ನಾಲ್ಕು ತಗ್ಗು. ನಮ್ಮ ಮನೆಯವರು ಎತ್ತಿನ ಗೊರಸು ಕೆರೆಯುವುದಿರಬೇಕು ಎಂದರು. ತಾಂಡಾದಿಂದ ಕಟ್ಟಿಗೆ ತರುವ ಕೇಸರಿಬಾಯಿ ತಿರುಗಿಸಿ ನೋಡಿ, "ಹಲ್ಲ ಕೀಳೂದು ಕಾಣ್ತೈತ್ರಿ ಅಕ್ಕಾರ, ಯಜಮಾನ್ರ ಬಾಯಾಗ ಹಾಕಿ ನೋಡ್ರಿ" ಎಂದಳು. ಅಂದಿನಿಂದ ಇವರು ಅವಳೆದುರು ಬಾಯಿ ತೆರೆದಿಲ್ಲ.

ಕಳೆದ ಸೋಮವಾರ ಹಿತ್ತಲ ಹಲಸು ಕಡಿಯಲು ಸಿದ್ದಿಯರ ಇನಾಸ ಬಂದಿದ್ದ. ದಾಂಡೇಲಿ ಕಾಡಿನಲ್ಲಿ ಇಪ್ಪತ್ತು ವರ್ಷ ಮರ ಕಡಿದವನು. ಅವನಷ್ಟು ಕಡಿಮೆ ಮಾತಾಡಿ ಅಷ್ಟು ಸರಿಯಾಗಿ ನೋಡುವವರನ್ನು ನಾನು ಕಂಡಿಲ್ಲ. ಸಾಮಾನನ್ನು ಬಲಗೈಯಲ್ಲಿ ಹಿಡಿದ. ಬೆರಳು ತಗ್ಗಿಗೆ ಕೂರಲಿಲ್ಲ. ಎಡಗೈಗೆ ಬದಲಾಯಿಸಿದ; ತಗ್ಗು ಹೊಂದಿದವು, ಅವನ ಬೆರಳಿಗೆ ಮಾತ್ರ ಕಿರಿದಾದವು. ಕಲ್ಲಿಗೆ ನಾಲ್ಕು ಸಲ ಉಜ್ಜಿ, ಹಲಸಿನ ತುಂಡೊಂದಕ್ಕೆ ಒತ್ತಿ ಎಳೆದ. ಸೌಟಿನ ಕುಳಿಯಂತೆ ದುಂಡನೆಯ ತಗ್ಗು ಬಿತ್ತು.

"ಕಟಗಿ ಸೌಟು ಕೆತ್ತೂದ್ರಿ ಇದು. ಎಡಚಗ ಮಾಡ್ಯಾರ, ಅದೂ ಸಣ್ಣ ಹುಡುಗಗ. ಮಾಡಿದಾಂವ ಭಾಳ ಶಾಣ್ಯಾ." ಮತ್ತೊಮ್ಮೆ ಅಲಗು ನೋಡಿ, "ಇವತ್ತ ಮೊದಲ ಸಲ ಕಟಗಿ ಕಂಡೈತಿ" ಎಂದ.

ಇಂಥದನ್ನು ಮಾಡಬಲ್ಲವನು ಈ ಸುತ್ತಿನಲ್ಲಿ ಒಬ್ಬನೇ. ಕಂಬಾರ ಮೋನಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಒಯ್ದು ಅವನ ಕೈಗೆ ಕೊಟ್ಟೆ; ಹಿಡಿ ಸವರಿದೊಡನೆ ನಕ್ಕ. ಅವ್ವ ಒಂದು ದಿನ ರೊಟ್ಟಿಹಿಟ್ಟಿನ ಮುದ್ದೆಯನ್ನು ಎಲೆಯಲ್ಲಿ ಮುಚ್ಚಿಕೊಂಡು ಅವನ ಕುಲುಮೆಗೆ ಹೋಗಿದ್ದಳಂತೆ. ಅದರಲ್ಲಿ ನಿನ್ನ ಎಡಗೈ ಮುಷ್ಟಿ ಮೂಡಿತ್ತಂತೆ. ಆ ಅಳತೆಗೇ ಹಿಡಿ ಮಾಡು ಎಂದಳಂತೆ.

ಎಡಗೈ ತಾಗಿದ ಹಿಟ್ಟನ್ನು ಅಪ್ಪ ದನಕ್ಕೆ ಹಾಕಿಸುತ್ತಿದ್ದ, ನೆನಪಿದೆಯೇ? ಅಂಥ ಮನೆಯಲ್ಲಿ ಅವ್ವ ನಿನ್ನ ಕೈ ಬಿಚ್ಚಿ, ಹಿಟ್ಟು ಕೊಟ್ಟು, ಹಿಂಡು ಎಂದಿದ್ದಾಳೆ. ನೀನು ಕುಡಗೋಲಿನಿಂದ ಕಟ್ಟಿಗೆ ಕೆತ್ತಿ ಎತ್ತು ಮಾಡುತ್ತಿದ್ದೆ. ನಾವೆಲ್ಲ ಕೈ ನೋಡಿದೆವು. ಅವಳು ಎತ್ತು ನೋಡಿದ್ದಳು.

ಮತ್ತೆ ಅವ್ವ ಅದನ್ನು ನಿನಗೆ ಕೊಡಲಿಲ್ಲವೇಕೆ ಎಂದು ಮೋನಪ್ಪನನ್ನು ಕೇಳಿದೆ. ಸುಗ್ಗಿಯ ಕೆಲಸದಲ್ಲಿ ತಡಮಾಡಿದ್ದು ತಾನೇ ಎಂದು ಮುದುಕ ತಲೆ ತಗ್ಗಿಸಿದ. ಒಯ್ಯಲು ಬಂದಾಗ ಅವ್ವ ಅಂದದ್ದು ಅವನಿಗೆ ಇನ್ನೂ ನೆನಪಿದೆ: "ತಡಾ ಆತು ಮೋನಪ್ಪಣ್ಣ. ಹುಡುಗ ಬಲಗೈ ರೂಢಿ ಮಾಡ್ಕೊಂಡಾನ. ಈಗ ಏನೂ ಕೆತ್ತಂಗಿಲ್ಲ."

ನಿಮ್ಮ ಹುಬ್ಬಳ್ಳಿಗೆ ಹೊರಟ ತಾಂಡಾದ ಲಾಲು ಕೈಯಲ್ಲಿ ಅದನ್ನು ಕಳಿಸಿದ್ದೇನೆ. ಇನಾಸ ಸಾಣೆ ಹಿಡಿದುಕೊಟ್ಟಿದ್ದಾನೆ, ಹುಷಾರು. ಮಗನ ಎಡಗೈಗೆ ಕೊಟ್ಟು ನೋಡು. ಹಿಡಿ ಸರಿಹೋಗದಿದ್ದರೆ ಅವನ ಮುಷ್ಟಿಯನ್ನು ಹಿಟ್ಟಿನಲ್ಲಿ ಒತ್ತಿಸಿ ಕಳಿಸು; ಮೋನಪ್ಪನ ಮಗನಿಂದ ಬೇರೆ ಹಿಡಿ ಹಾಕಿಸುತ್ತೇನೆ. ಈ ಸಲ ಸುಗ್ಗಿಗೆ ಕಾಯುವುದು ಬೇಡ.

ನಿನಗೂ ನಿನ್ನ ಮನೆಯವಳಿಗೂ ಒಳ್ಳೆಯದಾಗಲಿ. ಮಗುವಿನ ಎರಡೂ ಕೈಗೆ ನನ್ನ ಮುತ್ತು.

ನಿನ್ನ ಅಕ್ಕ,
ನೀಲಕ್ಕ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ, ಏಳು ತಿಂಗಳು. ಅಪ್ಪ ಕಟ್ಟಿದ್ದು ಮೊದಲ ದಿನ ಮಾತ್ರ. ಆಮೇಲೆ ದಿನಾ ಬೆಳಿಗ್ಗೆ ಕಟ್ಟಿದವಳು ನಾನು. ನಮ್ಮ ನೀಲಿ ಹಾಕಿದ ಗಂಟು ಬಿಚ್ಚುವುದಿಲ್ಲ ಎಂದು ಅಪ್ಪ ಹೊಗಳುತ್ತಿದ್ದ. ಅದು ನಿನಗೆ ಗೊತ್ತಿದ್ದೂ ಪತ್ರದಲ್ಲಿ ಅಪ್ಪನ ಹೆಸರನ್ನೇ ಬರೆದಿದ್ದೀಯ. "ಅಕ್ಕಾ, ಒಂಚೂರು ಸಡ್ಲ ಮಾಡ" ಎಂದು ನೀನು ಅನ್ನುತ್ತಿದ್ದೆ. ನನಗೆ ಕೇಳಿಸುತ್ತಿತ್ತು.