ಅಂಬಾದಾಸ ಉಜ್ಜಿ ಕೊಂದ ಹುಳಗಳು

ಬಬಲೇಶ್ವರ
೨೧ ಏಪ್ರಿಲ್ ೨೦೨೪

ಮುದ್ದಿನ ಮಾಲಾ,

ನಿನ್ನ ತಂಗಿಯ ಬಾಣಂತನ ಹೇಗೆ ನಡೆದಿದೆ? ಕೂಸು ಮಲಗುತ್ತದೆಯೋ, ಇಲ್ಲ ಮನೆಮಂದಿಯನ್ನೆಲ್ಲ ಕಾವಲಿಗೆ ಕೂರಿಸಿದೆಯೋ? ನನ್ನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಗಂಡನಿಗಿಂತ ನಂಬಿಕಸ್ಥ, ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ.

ಇಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ಪಾತ್ರೆ ತೊಳೆದ ನೀರೆಲ್ಲ ನಿನ್ನ ತವರಿನ ಬದನೆಗೇ. ಟಿಕೋಟಾದಲ್ಲಿ ನಿಮ್ಮ ಅವ್ವನ ಗಿಡಗಳು ಒಣಗಿದ ಮೇಲೆ ಆ ತಳಿಗೆ ಉಳಿದದ್ದು ನಮ್ಮ ಹಿತ್ತಲಿನ ಇದೊಂದೇ ಗಿಡ, ಅದರಲ್ಲಿ ಬೀಜಕ್ಕೆ ಬಿಟ್ಟದ್ದು ಒಂದೇ ಕಾಯಿ. ಅದು ಹಣ್ಣಾಗುವ ತನಕ ಗಿಡ ಬದುಕಬೇಕು. ಹೊರದೇಶದ್ದೆಂದು ನೀನು ಹೇಳಿದ ಆ ಬಿಳಿ ಹಿಟ್ಟು ತಿಗಣೆಗೆ ಮಾತ್ರ ಬರಗಾಲವೇ ಇಲ್ಲ. ಎಲೆಯಡಿ ಸಂಸಾರ ಹೂಡಿ, ರಸ ಹೀರಿ, ಹಬ್ಬಕ್ಕೆ ಬಂದ ಅಳಿಯನಂತೆ ಮೈ ಬೆಳೆಸಿದೆ.

ನಿನ್ನ ಗಂಡ ಅಂಬಾದಾಸನ ಶೌರ್ಯ ಕೇಳು. ನೀನು ಹೋದ ಮರುದಿನವೇ ‘ಮಾಲಾ ಬರೂದ್ರೊಳಗ ಒಂದ ಹುಳಾನೂ ಉಳಸಂಗಿಲ್ಲ ನೋಡ ಆಯಿ’ ಎಂದು ಈ ಅಜ್ಜಿಗೆ ಮಾತು ಕೊಟ್ಟು ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತ. ತನ್ನ ಹಲ್ಲನ್ನು ಎಂದೂ ಅಷ್ಟು ಶ್ರದ್ಧೆಯಿಂದ ಉಜ್ಜಿದವನಲ್ಲ. ಸಣ್ಣವು ಕಣ್ಣಿಗೆ ಬೀಳಲಿಲ್ಲ. ಮೈತುಂಬ ಬಿಳಿ ಎಳೆ ಹೊತ್ತು ಓಡಾಡುವ ದೊಡ್ಡವನ್ನು ಉಜ್ಜಿ ಕೆಡವಿ, ಹೆಕ್ಕಿ ಹೆಕ್ಕಿ ಸಾಬೂನು ನೀರಲ್ಲಿ ಮುಳುಗಿಸಿದ. ‘ಇವ ಎಲ್ಲಾರ ಗೌಡ್ರು ಕಾಣತಾರ’ ಎಂದು ತೋರಿಸಿದ. ನಾನೂ ಶಭಾಷ್ ಎಂದೆ.

ನಿನ್ನೆ ಪಕ್ಕದ ಮನೆಯ ಪೀರಾಂಬಿ ತನ್ನ ಸೊಸೆಗೆ ಹೇಳುವ ನೆಪದಲ್ಲಿ ನನಗೆ ಕೇಳುವಂತೆ ಕೂಗಿದಳು: ‘ಮಾಲಾ ಕೊಟ್ಟ ಹುಳ ನಮ್ಮ ದಾಸವಾಳದ ತಿಗಣಿ ಎಲ್ಲಾ ತಿಂದ ತೇಗ್ಯಾವ ನೋಡ ಬೇ!’ ನಾವಿಬ್ಬರೂ ಮಾತು ಬಿಟ್ಟಿದ್ದೇವೆ, ನಿನಗೆ ಗೊತ್ತು. ಬಟ್ಟೆ ಒಗೆಯುವ ಕಲ್ಲು ಹತ್ತಿ ಗೋಡೆಯಾಚೆ ಇಣುಕಿದೆ. ಅಯ್ಯೋ, ಅವೇ ಗೌಡರು! ತಿಗಣೆ ತಿನ್ನಲೆಂದು ನೀನು ಕೃಷಿ ಕಾಲೇಜಿನಿಂದ ತಂದು ಬಿಟ್ಟಿದ್ದ ಗುಲಗಂಜಿ ಹುಳದ ಮರಿಗಳು! ನೀನು ಅವನ್ನು ಗಿಡಕ್ಕೆ ಬಿಟ್ಟ ದಿನ ನಾನು ಜೈನಾಪುರದ ಮದುವೆಯಲ್ಲಿದ್ದೆ. ಇವನಿಗೆ ನೀನು ಹೇಳಿಯೇ ಇರುತ್ತೀ, ಮೊಬೈಲಿನಿಂದ ಕಣ್ಣೆತ್ತದೆ ‘ಹೂಂ’ ಅಂದಿರುತ್ತಾನೆ.

ಈಗ ನಿನ್ನ ಹೊಗಳಿಕೆಗೆ ಕಾಯುತ್ತ ಗಳಿಗೆಗೊಮ್ಮೆ ಗಿಡದ ಫೋಟೋ ತೆಗೆಯುತ್ತಾನೆ. ಆ ಮುಖ ನೋಡಿ ನನಗೆ ಹೇಳಲು ಬಾಯಿ ಬರಲಿಲ್ಲ. ಫೋನು ಅವನ ಕಿಸೆಯಲ್ಲಿ, ಅದಕ್ಕೇ ಈ ಕಾಗದ. ಟಿಕೋಟಾದ ಬಸ್ಸಿನವನ ಕೈಲಿ ಈಗಲೇ ಕಳಿಸುವ ಖಟಕ್ ರೊಟ್ಟಿಯ ಗಂಟಿನಲ್ಲಿಟ್ಟಿದ್ದೇನೆ, ಯಾರ ಮುಂದೂ ಓದಬೇಡ.

ನಿಮ್ಮ ಅವ್ವನನ್ನು ಕೇಳಿದೆನೆಂದು ಹೇಳು. ಕೂಸಿಗೆ ನನ್ನ ಆಯಸ್ಸೆಲ್ಲ ಬರಲಿ, ನನ್ನ ಮೂಗು ಮಾತ್ರ ಬೇಡ.

ನಿನ್ನ ಗಂಡನ ಆಯಿ,
ಪರಸವ್ವ

ತಾ.ಕ.: ಕಾಯಿಯ ತೊಟ್ಟಿಗೂ ಬಿಳಿ ಹತ್ತಿದೆ. ಪೀರಾಂಬಿಯ ಗಿಡದಲ್ಲಿ ತಿಗಣೆ ಮುಗಿದು ಆ ಹುಳಗಳು ಹಸಿದಿವೆ. ನಲ್ಲಿಯ ಮುಂದೆ ನಾನು ಅವಳ ಕೊಡ ಒದ್ದಿದ್ದೇನೆ, ಸತ್ತರೂ ನಾನಾಗಿ ಹೋಗಿ ಕೇಳುವವಳಲ್ಲ. ನೀನೇ ಫೋನು ಮಾಡಿ ನಾಲ್ಕು ಹುಳ ಕೇಳು, ಇವತ್ತೇ. ಗೋಡೆಯ ಮೇಲಿಟ್ಟರೆ ಸಾಕು, ನಾನು ನೋಡದವಳ ಹಾಗೆ ತೆಗೆದುಕೊಳ್ಳುತ್ತೇನೆ. ತಪ್ಪಾಯಿತು ಅನ್ನಬೇಕೆಂದು ಅವಳು ಹಟ ಹಿಡಿದರೆ ಅಂಬಾದಾಸನನ್ನು ಕಳಿಸುತ್ತೇನೆ. ಯಾವ ತಪ್ಪು ಅಂತ ಅವನಿಗೆ ಹೇಳುವ ಅಗತ್ಯವಿಲ್ಲ.