ಪಟ್ಟಿಯಲ್ಲಿಲ್ಲದ ಗಿಡವನ್ನು ಕಿತ್ತ ತಪ್ಪಿಗೆ

ಕೆರೆ ಇಲಾಖೆಯ ಮಾನ್ಯ ಮೇಲಧಿಕಾರಿಗಳೇ,

ಕೆರೆಯ ಸಸ್ಯ ಕಿತ್ತಿದ್ದಕ್ಕೆ ವಿವರಣೆ ಕೇಳಿ ತಾವು ಕಳಿಸಿದ ನೋಟಿಸು ತಲುಪಿತು. ಕಿತ್ತದ್ದು ನಿಜ, ಎರಡೂ ಕೈಯಿಂದ ಕಿತ್ತೆ. ಮೊದಲ ದಿನವೇ ಕೀಳಲಿಲ್ಲವಲ್ಲ ಎಂಬುದೊಂದೇ ನನ್ನ ಪಶ್ಚಾತ್ತಾಪ.

ಹದಿನೆಂಟು ವರ್ಷದಿಂದ ಈ ಕೆರೆಯಲ್ಲಿ ಬಾಡಿಗೆ ದೋಣಿ ನಡೆಸುತ್ತಿರುವವಳು ನಾನು. ಇಲ್ಲಿನ ತಾವರೆ, ಜೊಂಡು, ಪಾಚಿ ಎಲ್ಲವೂ ನನಗೆ ಮುಖಪರಿಚಯ. ಹೋದ ಮಳೆಗಾಲದ ಕೊನೆಗೆ ಮೆಟ್ಟಿಲ ಬಳಿ ಮೂರು ಹೊಸ ಗಿಡಗಳು ತೇಲುತ್ತಿದ್ದವು. ಹೆಬ್ಬೆರಳಗಲದ ಎಲೆ, ಮೇಲೆಲ್ಲ ನವಿರು ರೋಮ, ನೀರು ಸುರಿದರೂ ಒದ್ದೆಯಾಗದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾದಿನಿಗೆ ತೋರಿಸಿದೆ.

“ಅತ್ತಿಗೆ, ಇದು ಸಮುದ್ರದ ಆಚೆಯದು. ಯಾರೋ ಮೀನಿನ ತೊಟ್ಟಿ ತೊಳೆದು ಇಲ್ಲಿ ಸುರಿದಿರಬೇಕು. ಈಗ್ಲೇ ತೆಗೆದುಬಿಡಿ, ಬಿಟ್ರೆ ಕೆರೇನೇ ಮುಚ್ಚುತ್ತೆ” ಎಂದಳು.

ಆದರೆ ಅದೇ ಮೆಟ್ಟಿಲ ಮೇಲೆ ‘ಸಸ್ಯ ಕೀಳುವುದು ಅಪರಾಧ’ ಎಂಬ ತಮ್ಮ ಫಲಕವಿದೆ. ಕಾನೂನಿಗೆ ಹೆದರುವ ನಾನು ಫೋಟೊ ಹಿಡಿದು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುವಿ ಹಾಕಿದರು.

“ನಮ್ಮ ಕೆರೆ ಗಿಡಗಳ ಪಟ್ಟೀಲಿ ಇದು ಇಲ್ವಲ್ಲ ಮೇಡಂ.”

“ಇಲ್ಲಿಯದಲ್ಲ ಸಾರ್, ಅದಕ್ಕೇ ಇಲ್ಲ.”

“ಪಟ್ಟೀಲಿ ಇಲ್ದೇ ಇರೋದನ್ನ ತೆಗೀರಿ ಅಂತ ಹೇಗೆ ಬರೆದುಕೊಡೋದು?”

ಈ ವೇದಾಂತ ಗಿಡಕ್ಕೆ ತಿಳಿಯಲಿಲ್ಲ. ನಾಲ್ಕೇ ತಿಂಗಳಲ್ಲಿ ಅರ್ಧ ಕೆರೆ ಮುಚ್ಚಿತು. ಪಕ್ಕದ ದೋಣಿಯಾತ ಹುಟ್ಟನ್ನು ಮೂಲೆಗಿಟ್ಟು ತರಕಾರಿ ಗಾಡಿ ತಳ್ಳುತ್ತಿದ್ದಾನೆ. ಆಮೇಲೆ ಬಂದ ತಮ್ಮ ಪರಿವೀಕ್ಷಕರು ದಡದಲ್ಲೇ ನಿಂತು ‘ಕೆರೆಯ ಹಸಿರು ತೃಪ್ತಿಕರ’ ಎಂದು ಬರೆದುಕೊಂಡರು. ಹತ್ತಿರದಿಂದ ನೋಡಿ ಎಂದು ದೋಣಿ ಹತ್ತಿಸಿದೆ. ನಡುನೀರಿನಲ್ಲಿ ದೋಣಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಾಹೇಬರಿಗೆ ಈಜು ಬಾರದು.

“ಏನಾದ್ರೂ ಮಾಡಮ್ಮ.”

“ಕೀಳಬೇಕು ಸಾರ್. ಅಪರಾಧ ಆಗುತ್ತಲ್ಲ?”

“ಕೀಳಮ್ಮ ತಾಯಿ, ನಾನು ಆ ಕಡೆ ನೋಡ್ತಿರ್ತೀನಿ.”

ಎರಡು ಗಂಟೆ ಕಿತ್ತು ಅವರನ್ನು ದಡ ಮುಟ್ಟಿಸಿದೆ. ಆ ಕಡೆ ನೋಡುತ್ತಿದ್ದವರು ನೋಟಿಸಿಗೆ ಆಧಾರವಾದ ಇಷ್ಟು ವಿವರವಾದ ವರದಿ ಹೇಗೆ ಬರೆದರೋ ಕಾಣೆ. ಇರಲಿ. ಪಟ್ಟಿಯಲ್ಲೇ ಇಲ್ಲದ ಗಿಡವನ್ನು ನಾನು ಕಿತ್ತದ್ದಾದರೂ ಹೇಗೆ, ಸ್ವಾಮಿ?

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು, ನಾದಿನಿ, ಅವಳ ವಿದ್ಯಾರ್ಥಿಗಳು, ತರಕಾರಿ ಗಾಡಿಯಾತ ಎಲ್ಲರೂ ನೀರಿಗಿಳಿಯುತ್ತೇವೆ. ಅನುಮತಿ ಕೊಡಿ. ಕೊಡಲಾಗದಿದ್ದರೆ ನಮ್ಮೆಲ್ಲರಿಗೂ ಒಂದೊಂದು ನೋಟಿಸು ಬರೆದು ತಾವೇ ತನ್ನಿ. ಬರುವಾಗ ದೊಡ್ಡದೊಂದು ಬುಟ್ಟಿಯೂ ಜೊತೆಗಿರಲಿ.

ಇಂತಿ,
ಸದ್ಯಕ್ಕೆ ದೋಣಿಯನ್ನು ಅಂಗಳದಲ್ಲಿ ಒಣಗಿಸುತ್ತಿರುವ ತಮ್ಮ ಆರೋಪಿ