ಲಿಂಗಕ್ಕೆ ತೋರಿಸಿದ ಗುಳಿಗೆ

೮ ಮಾರ್ಚ್ ೧೯೩೭, ನಾಗನೂರ
ಮತ್ತೆ ಸೋಮವಾರ, ಮತ್ತೆ ಉಪವಾಸ. ಅತ್ತೆಯ ಅಪ್ಪಣೆ. ಉಪವಾಸ ಮಾಡಿದಷ್ಟೂ ಊದುತ್ತಿದ್ದೇನೆ. ಬಳೆಗಾರ್ತಿ ಕೆಂಪವ್ವ ನನ್ನ ಕೈಗೆ ಎಣ್ಣೆ ಸವರಿ, ತಿಕ್ಕಿ, ಸೋತು ಎದ್ದಳು. "ಈ ಕೈಗೆ ಬಳಿ ಇಲ್ರಿ ಸಣ್ಣವ್ವಾರ, ಚಕ್ಕಡಿ ಗಾಲಿ ಪಟ್ಟಾನ ಬೇಕು." ಎಲ್ಲರೂ ನಕ್ಕರು. ನಾನೂ ನಕ್ಕೆ — ಮತ್ತೇನು ಮಾಡಲಿ?
ಅತ್ತೆ ನಗಲಿಲ್ಲ. "ಕದ್ದು ತಿಂತಾಳ. ಇಲ್ಲಂದ್ರ ಉಪಾಸ ಇದ್ದಾಕಿ ಹಿಂಗ ಬೆಳೀತಾಳನು?"
ಸುಡುಬಿಸಿಲಲ್ಲಿ ಕೌದಿ ಹೊದ್ದು ನಡುಗುವವಳಿಗೆ ಕದಿಯುವ ತ್ರಾಣ ಎಲ್ಲಿಂದ ಬರಬೇಕು...

೨೦ ಮಾರ್ಚ್
ನಮ್ಮ ಮನೆಯವರು ಎತ್ತು ಹೂಡಿ ಚಕ್ಕಡಿ ಕಟ್ಟಿದರು. ಗೋಕಾಕದ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದರು. ಅಲ್ಲೊಂದು ಗ್ರಂಥಿ ಇದೆಯಂತೆ, ಥೈರಾಯ್ಡ್. ನನ್ನದು ಕೆಲಸ ಬಿಟ್ಟಿದೆಯಂತೆ. "ಉಪಾಸ ಬಿಡ್ರಿ. ರೊಟ್ಟಿ, ಪಲ್ಯಾ, ಮಜ್ಜಿಗಿ, ಹೊತ್ತಿಗೆ ಸರಿಯಾಗಿ ಉಣ್ರಿ. ದಿನಾ ಹೊಲದ ಮಟಾ ನಡೀರಿ. ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ."
ಉಣ್ಣು ಎಂದ ಮೊದಲ ಮನುಷ್ಯ! ದಾರಿಯುದ್ದಕ್ಕೂ ಕಣ್ಣೀರು, ಸಂತೋಷಕ್ಕೆ.

೨೧ ಮಾರ್ಚ್
ನಮ್ಮಲ್ಲಿ ಬಾಯಿಗೆ ಹೋಗುವುದೆಲ್ಲ ಮೊದಲು ಲಿಂಗಕ್ಕೆ. ಪೂಜೆ ಮುಗಿಸಿ, ಅಂಗೈ ಮೇಲಿನ ಲಿಂಗಕ್ಕೆ ಗುಳಿಗೆ ತೋರಿಸಿ, ಪ್ರಸಾದವೆಂದು ನುಂಗಿದೆ.

೯ ಮೇ
ಕೆಂಪವ್ವನ ಬಳೆ ಏರಿದವು! ಹಸಿರು ಬಳೆ. ಹೊಲಕ್ಕೆ ನಡೆದರೂ ಏದುಸಿರಿಲ್ಲ. ಗೊಗ್ಗರು ದನಿ ಹೋಗಿದೆ. "ಲಗ್ನದಾಗಿನ ದನಿ ತಿರುಗಿ ಬಂತಲ್ಲ" ಎಂದರು ಇವರು. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ.

೧೬ ಮೇ
ಗುಳಿಗೆ ತರಲು ಗೋಕಾಕಕ್ಕೆ. ನಾನೇ ಕೇಳಿದೆ — ಕೇಳಬಾರದಿತ್ತು — ಇದು ಯಾವ ಬೇರಿನದೆಂದು. ಡಾಕ್ಟರು ನಕ್ಕರು. "ಬೇರಿಂದಲ್ರಿ. ಕುರಿ ಕುತ್ತಿಗ್ಯಾಗಿನ ಗ್ರಂಥಿ ಒಣಗಿಸಿ ಮಾಡಿದ್ದು."
ಕುರಿ. ದಿನಾ ಬೆಳಿಗ್ಗೆ ಲಿಂಗಕ್ಕೆ ಕುರಿಯನ್ನು ತೋರಿಸಿದ್ದೇನೆ. ನಾನು, ಈ ಕೈಯಿಂದ.
ಇವರದು ಒಂದೇ ಮಾತು: "ಅವ್ವಗ ಹೇಳಬ್ಯಾಡ." ಶೀಶೆ ಟ್ರಂಕಿನ ತಳಕ್ಕೆ ಹೋಯಿತು. ಇನ್ನು ಮುಟ್ಟುವುದಿಲ್ಲ.

೨೯ ಜುಲೈ
ಬಳೆ ಕೈಗೆ ಕಚ್ಚಿದ್ದವು. ಕೆಂಪವ್ವ ಒಡೆದೇ ತೆಗೆದಳು. ಮುತ್ತೈದೆಯ ಬಳೆ... ನಿನ್ನೆ ಒಲೆಯ ಮುಂದೆ ತೂಕಡಿಸಿದೆ, ಸೆರಗಿಗೆ ಕಿಡಿ ಹತ್ತಿತು. ಇವರು ನೋಡದಿದ್ದರೆ ಇಂದು ಬರೆಯುತ್ತಿರಲಿಲ್ಲ. "ಪಾಪ ಬಂದ್ರ ನನಗ ಬರ್ಲಿ. ಅವ್ವಗ ಕಾಣದಂಗ ನುಂಗು" ಎಂದು ಕೈ ಹಿಡಿದರು.
ಕದ್ದು ತಿನ್ನುವವಳು ಎಂಬ ಹೆಸರನ್ನು ನಾನೇ ಖರೆ ಮಾಡಲೇ? ಅದೂ ಭಯ, ಸಾಯುವುದೂ ಭಯ.

೩೦ ಜುಲೈ
ಹೇಳಿಬಿಟ್ಟೆ. ಪೂಜೆಗೆ ಕೂತಲ್ಲೇ. ಲಿಂಗ ಎಡಗೈಯಲ್ಲಿ, ಗುಳಿಗೆ ಬಲಗೈಯಲ್ಲಿ. "ಇದು ಕುರೀದ್ರಿ ಅತ್ತಿ. ನುಂಗಿದ್ರ ಬದುಕ್ತೀನಿ. ಕದ್ದು ಮಾತ್ರ ನುಂಗೂದಿಲ್ರಿ."
ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. "ಇವತ್ತಿಂದ ನಿನ್ನ ಗಂಗಾಳ ಬ್ಯಾರೆ" ಎಂದರು. ಇನ್ನು ನನ್ನ ಊಟದ ತಟ್ಟೆ ಎಲ್ಲರದರ ಜೊತೆಗಿಲ್ಲ. ಒಳಗೆ ಹೋದವರು ನೀರಿನ ತಂಬಿಗೆ ತಂದು ಮುಂದಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೇಳಿದರು: "ಲಿಂಗಕ್ಕ ತೋರ್ಸಿದೇನು?"
"ಇನ್ನೂ ಇಲ್ರಿ."
"ತೋರ್ಸು. ಅವನ ಮುಂದ ಎಂಥಾ ಮುಚ್ಚುಮರಿ?"
ತೋರಿಸಿದೆ. ನುಂಗಿದೆ.
ಈಗ ಊಟದ ಹೊತ್ತು. ನನ್ನ ಗಂಗಾಳ ಅಡುಗೆಮನೆಯ ಹೊಸ್ತಿಲಾಚೆ ಇದೆ, ಒಂದೇ. ಅದರಲ್ಲಿ ರೊಟ್ಟಿ, ಪಲ್ಯ, ಬಾಜೂಕ್ಕೆ ಮಜ್ಜಿಗೆ. ಅತ್ತೆ ಎರಡನೆಯ ಸಲ ಕೂಗುತ್ತಿದ್ದಾರೆ — "ಹೊತ್ತಿಗೆ ಸರಿಯಾಗಿ ಉಣ್ಣಂತ ಡಾಕ್ಟರ ಹೇಳಿಲ್ಲನು?" ಹೋಗಬೇಕು, ಇಲ್ಲದಿದ್ದರೆ ಮೂರನೆಯ ಸಲ...